ಜೋಗಿಯ ಹಿಂದೆ ಹೋಗದ ‘ಇನ್’

ಬೆಳಿಗ್ಗೆ ಕಾಫಿ ಇನ್ನೂ ಬಿಸಿಯಾಗಿರುವಾಗಲೇ ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ನೋಟ್‌ಬುಕ್ ತಂದು ಮುಂದೆ ಹಿಡಿದಳು. ‘ಆಂಟಿ, ಇದು ಯಾಕೆ ತಪ್ಪು?’ ಎರಡು ಪುಟ್ಟ ವಾಕ್ಯಗಳನ್ನು ಸೇರಿಸಿ ಒಂದು ಮಾಡುವ ಅಭ್ಯಾಸ ಅದು. ಅವಳು ಬರೆದದ್ದು, ‘ದಿಸ್ ಈಸ್ ದಿ ಹೌಸ್ ವಿಚ್ ವಿ ಲಿವ್ ಇನ್’. ಕೊನೆಯ ‘ಇನ್’ಗೆ ಕೆಂಪು ಶಾಯಿಯ ಸುತ್ತು. ಅಲ್ಲಿಂದ ಒಂದು ಬಾಣ ಹಿಂದಕ್ಕೆ ಹಾರಿ ‘ವಿಚ್’ನ ಎಡಗಡೆಗೆ ಬಂದು ಇಳಿದಿತ್ತು. ‘ಇನ್ ವಿಚ್ ವಿ ಲಿವ್’ ಎಂದಾಗಬೇಕಂತೆ. ಅರ್ಧ ಅಂಕ ಹೋಗಿತ್ತು. ಅದಕ್ಕಿಂತ ಮೇಲಿನ ಸಾಲಿನಲ್ಲಿ ‘ದಿಸ್ ಈಸ್ ದಿ ಪೆನ್ ವಿಚ್ ಐ ರೈಟ್’ ಎಂದಿತ್ತು. ಅದಕ್ಕೆ ದೊಡ್ಡದೊಂದು ಸರಿ ಗುರುತು!

‘ನೀನು ಬರೆದದ್ದು ತಪ್ಪಲ್ಲ ಪುಟ್ಟಿ’ ಎನ್ನುವಷ್ಟರಲ್ಲಿ ಶಾಲೆಯ ವ್ಯಾನು ಹಾರ್ನ್ ಹಾಕಿತು. ಅವಳು ಓಡಿದಳು. ಸಿಟ್ಟು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಎಲ್ಲರಿಗೂ ಗೊತ್ತಿರುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಪ್ಪಂದ ಪತ್ರದಲ್ಲಿ, ಕೋರ್ಟಿನ ತೀರ್ಪಿನಲ್ಲಿ, ಸಂಶೋಧನೆಯ ಬರಹದಲ್ಲಿ ‘ಇನ್ ವಿಚ್’, ‘ಟು ಹೂಮ್’ ಚೆನ್ನಾಗಿ ಒಪ್ಪುತ್ತವೆ. ಮಾತಿನಲ್ಲಿ, ಸ್ನೇಹಿತರ ಪತ್ರದಲ್ಲಿ ಪ್ರಿಪೊಸಿಷನ್ ಕೊನೆಗೇ ಇರುತ್ತದೆ. ರಿಲೇಟಿವ್ ಪ್ರೊನೌನು ‘ದಟ್’ ಆದರೆ ಅದನ್ನು ಮೊದಲಿಗೆ ತರಲು ಬರುವುದೇ ಇಲ್ಲ; ‘ದಿ ಹೌಸ್ ಇನ್ ದಟ್ ವಿ ಲಿವ್’ ಎಂದು ಯಾರೂ ಹೇಳುವುದಿಲ್ಲ. ‘ಲುಕ್ ಆಫ್ಟರ್’ ಥರದ ಜೋಡಿ ಕ್ರಿಯಾಪದಗಳಲ್ಲಿ ‘ಆಫ್ಟರ್’ ಅನ್ನು ಕಿತ್ತು ಮುಂದಿಟ್ಟರೆ ವಾಕ್ಯ ನರಳುತ್ತದೆ. ‘ಡ್ಯೂರಿಂಗ್ ವಿಚ್’ನಲ್ಲಿ ಇದರ ತಿರುಗಾಮುರುಗಾ, ಅಲ್ಲಿ ‘ಡ್ಯೂರಿಂಗ್’ ಕೊನೆಗೆ ಹೋಗಲಾರದು. ಇಷ್ಟೇ ವಿಷಯ. ಹತ್ತು ನಿಮಿಷದಲ್ಲಿ ಯಾವ ಮಗುವಿಗೂ ಹೇಳಿಕೊಡಬಹುದು.

ಹಾಗಿದ್ದರೆ ಆ ಕೆಂಪು ಬಾಣ ಎಲ್ಲಿಂದ ಬಂತು? ಲಂಡನ್ನಿನಿಂದ, 1672ರಿಂದ. ಆ ವರ್ಷ ಕವಿ ಜಾನ್ ಡ್ರೈಡನ್ ಹಿಂದಿನ ತಲೆಮಾರಿನ ನಾಟಕಕಾರರ ಭಾಷೆಯಲ್ಲಿ ದೋಷ ಹುಡುಕುತ್ತ, ಬೆನ್ ಜಾನ್ಸನ್ 1611ರಲ್ಲಿ ಬರೆದ ‘ಕ್ಯಾಟಿಲಿನ್’ ನಾಟಕದ ಒಂದು ಸಾಲನ್ನು ಹಿಡಿದ. ಸಾಲು ‘ಫ್ರಮ್’ ಎಂಬ ಪದದಿಂದ ಮುಗಿಯುತ್ತದೆ ಎಂಬುದು ಅವನ ತಕರಾರು. ಜಾನ್ಸನ್ ತೀರಿಕೊಂಡು ಅದಾಗಲೇ 35 ವರ್ಷ. ಉತ್ತರ ಕೊಡುವವರು ಇರಲಿಲ್ಲ. ಆ ಸಾಲಿನಲ್ಲಿದ್ದ ರಿಲೇಟಿವ್ ಪ್ರೊನೌನು ‘ದಟ್’. ಅದರ ಮುಂದೆ ‘ಫ್ರಮ್’ ನಿಲ್ಲಿಸಲು ಇಂಗ್ಲಿಷಿನಲ್ಲಿ ದಾರಿಯೇ ಇಲ್ಲ. ಇದ್ದ ಒಂದೇ ಜಾಗದಲ್ಲಿ ಪದವನ್ನು ಇಟ್ಟ ಕವಿಯ ಮೇಲೆ ಈ ಆರೋಪ!

ಡ್ರೈಡನ್ ಅಷ್ಟಕ್ಕೇ ನಿಲ್ಲಲಿಲ್ಲ. ನಾಟಕ ಕಾವ್ಯದ ಬಗ್ಗೆ 1668ರಲ್ಲಿ ತಾನೇ ಬರೆದಿದ್ದ ಪ್ರಬಂಧವನ್ನು 1684ರ ಮುದ್ರಣಕ್ಕಾಗಿ ತಿದ್ದಲು ಕುಳಿತು, ಕೊನೆಯಲ್ಲಿದ್ದ ಪ್ರಿಪೊಸಿಷನ್‌ಗಳನ್ನು ಹುಡುಕಿ ಹುಡುಕಿ ‘ವಿಚ್’, ‘ಹೂಮ್’ಗಳ ಮುಂದೆ ತಂದು ಕೂರಿಸಿದ. ಎರಡು ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನನಗೆ ಮೊದಲನೆಯದರಲ್ಲಿ ಮನುಷ್ಯನ ಮಾತು ಕೇಳುತ್ತದೆ, ಎರಡನೆಯದರಲ್ಲಿ ಇಸ್ತ್ರಿ ಮಾಡಿದ ಮಾತು. ತನ್ನ ಇಂಗ್ಲಿಷಿನ ಬಗ್ಗೆ ಸಂಶಯ ಬಂದಾಗ ಲ್ಯಾಟಿನ್ನಿಗೆ ಅನುವಾದಿಸಿ ನೋಡುತ್ತೇನೆ ಎಂದು ಅವನೇ ಹೇಳಿಕೊಂಡಿದ್ದಾನೆ. ಹುಟ್ಟಿನಿಂದ ಆಡಿದ ಭಾಷೆಗೆ ಯಾರ ಮನೆಮಾತೂ ಅಲ್ಲದ ಇನ್ನೊಂದು ಭಾಷೆಯಿಂದ ಸರ್ಟಿಫಿಕೇಟು! ಇದು ನನ್ನನ್ನು ಕಾಡುತ್ತದೆ. ಅಷ್ಟು ನಂಬಿದ ಲ್ಯಾಟಿನ್ನಿನಲ್ಲಾದರೂ ಪ್ರಿಪೊಸಿಷನ್ ಯಾವಾಗಲೂ ಮುಂದೆಯೇ ಇತ್ತೇ? ‘ಯಾರೊಡನೆ’ ಎಂಬುದಕ್ಕೆ ಲ್ಯಾಟಿನ್ನಿನವರು ‘ಕ್ವೋಕುಮ್’ ಎನ್ನುತ್ತಿದ್ದರು, ಬಹುವಚನದಲ್ಲಿ ‘ಕ್ವಿಬಸ್‌ಕುಮ್’. ‘ಜೊತೆ’ ಎಂಬ ಅರ್ಥದ ‘ಕುಮ್’ ಅಲ್ಲಿ ಪ್ರೊನೌನಿನ ಬಾಲಕ್ಕೇ ಅಂಟಿಕೊಳ್ಳುತ್ತದೆ.

ಆಮೇಲೆ ಬಂದವರು ಡ್ರೈಡನ್ನನಷ್ಟು ಕಠಿಣರೇನಲ್ಲ. 1762ರ ತನ್ನ ಪುಟ್ಟ ವ್ಯಾಕರಣದಲ್ಲಿ ರಾಬರ್ಟ್ ಲೌತ್, ಪ್ರಿಪೊಸಿಷನ್ ಕೊನೆಗೆ ಬರುವುದು ಆಡುಮಾತಿಗೆ ಹೊಂದುತ್ತದೆ, ಗಂಭೀರ ಬರಹಕ್ಕೆ ಪ್ರಿಪೊಸಿಷನ್ ಮೊದಲು ಬಂದರೆ ಚೆಂದ ಎಂದಷ್ಟೇ ಹೇಳಿದ. ಅದನ್ನು ಹೇಳುವಾಗಲೇ ತನ್ನದೊಂದು ಮಾತನ್ನು ‘ಟು’ವಿನಿಂದ ಮುಗಿಸಿದ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್, ಪ್ರಿಪೊಸಿಷನ್ ಕೊನೆಗೆ ಬರಬಾರದೆಂಬ ನಿಯಮವನ್ನು ಮೂಢನಂಬಿಕೆಯ ಸಾಲಿಗೆ ಸೇರಿಸಿದ. ನಮ್ಮ ಮನೆಮನೆಯ ಕಪಾಟಿನಲ್ಲಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಕೂಡ ‘ದಟ್’ ಬಂದಾಗ ಪ್ರಿಪೊಸಿಷನ್ ಕೊನೆಗೆ ಹೋಗುತ್ತದೆ ಎಂದೇ ಕಲಿಸುತ್ತದೆ. ಪುಸ್ತಕಗಳು ಸಡಿಲ ಬಿಟ್ಟದ್ದನ್ನು ಕೆಂಪು ಪೆನ್ನು ಮಾತ್ರ ಬಿಗಿ ಹಿಡಿದಿದೆ.

ಇದನ್ನೆಲ್ಲ ಬರೆಯುತ್ತಿರುವಾಗ ಕಿಂದರಿಜೋಗಿ ಅಡ್ಡ ಬಂದ. ಅವನನ್ನು ಬಿಟ್ಟು ಮುಂದೆ ಹೋಗಲಾರೆ. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ, ಹ್ಯಾಮೆಲಿನ್ ಊರಿನ ಇಲಿಗಳ ‘ಪೈಡ್ ಪೈಪರ್’ ಕಥೆಯನ್ನು ಕುವೆಂಪು ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು. ಇಲಿಗಳ ಆ ಮೆರವಣಿಗೆಯನ್ನು ಬಾಯಿಪಾಠ ಹೇಳುತ್ತ ಬೆಳೆದ ನಮ್ಮಂಥವರಿಗೆ ಕನ್ನಡದ ಲಯ ಅಂದರೆ ಏನೆಂದು ಯಾರೂ ಬೇರೆ ಪಾಠ ಮಾಡಬೇಕಾಗಲಿಲ್ಲ. ಆ ಜೋಗಿಗೂ ‘ಇನ್ ವಿಚ್’ಗೂ ನಿಜವಾದ ನಂಟಿದೆ. 1967ರಲ್ಲಿ ಜಾನ್ ರಾಬರ್ಟ್ ರಾಸ್ ಎಂಬ ಭಾಷಾವಿಜ್ಞಾನಿ ಅಮೆರಿಕದ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ, ‘ವಿಚ್’ ವಾಕ್ಯದ ಮುಂಭಾಗಕ್ಕೆ ಹೋಗುವಾಗ ಪ್ರಿಪೊಸಿಷನ್ನನ್ನೂ ಹಿಂದೆ ಕರೆದುಕೊಂಡು ಹೋಗುವ ಕ್ರಿಯೆಗೆ ‘ಪೈಡ್ ಪೈಪಿಂಗ್’ ಎಂದು ಹೆಸರಿಟ್ಟ. ಹೆಸರು ಸೂಚಿಸಿದವರು ಮತ್ತೊಬ್ಬ ಭಾಷಾವಿಜ್ಞಾನಿ ರಾಬಿನ್ ಲೇಕಾಫ್. ‘ವಿಚ್’ ಅಲ್ಲಿ ಜೋಗಿ. ‘ಇನ್’, ‘ಟು’, ‘ವಿತ್’ ಅವನ ಹಿಂದೆ ಹೊರಟ ಇಲಿಗಳು. ಬರೀ ಪ್ರಿಪೊಸಿಷನ್ ಅಲ್ಲ, ಪದಗಳ ಇಡೀ ಹಿಂಡೇ ಹೊರಡಬಹುದು ಎಂದು ರಾಸ್ ತೋರಿಸಿದ: ವರದಿಗಳ ರಟ್ಟು, ಆ ರಟ್ಟಿನ ಮೇಲಿನ ಅಕ್ಷರ, ಆ ಅಕ್ಷರಗಳ ಎತ್ತರ, ಎಲ್ಲವೂ ಒಂದು ‘ವಿಚ್’ನ ಬೆನ್ನು ಹತ್ತಿ ಸಾಲಾಗಿ ನಡೆಯಬಲ್ಲವು. ಬ್ರೌನಿಂಗನ ಕಥೆಯಲ್ಲಿ ಕುಂಟುವ ಹುಡುಗನೊಬ್ಬ ಜೋಗಿಯ ಜೊತೆ ಹೋಗಲಾರದೆ ಹಿಂದೆ ಉಳಿಯುತ್ತಾನೆ. ವಾಕ್ಯದ ಕೊನೆಯಲ್ಲಿ ಉಳಿದ ‘ಇನ್’ ನನಗೆ ಆ ಹುಡುಗನೇ. ಕಥೆ ಹೇಳಲು ಉಳಿದವನು ಅವನು. ಅವನ ಸುತ್ತ ಕೆಂಪು ಗೆರೆ ಎಳೆಯಬಾರದು.

ಈಗ ಆ ಪೆನ್ನಿನ ವಾಕ್ಯಕ್ಕೆ ಬರೋಣ. ನನ್ನ ಅಸಲು ಸಿಟ್ಟು ಅದರ ಮೇಲಿನದು. ‘ದಿ ಪೆನ್ ವಿಚ್ ಐ ರೈಟ್’ನಲ್ಲಿ ‘ವಿತ್’ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಕನ್ನಡದ ಮಕ್ಕಳು ನಿಜವಾಗಿ ಎಡವುವುದು ಇಲ್ಲಿ, ಎಡವಲು ಕಾರಣವಾದ ನಮ್ಮ ಭಾಷೆಯ ಗುಣ ಚೆಂದದ್ದು. ‘ನಾನು ಊಟ ಮಾಡಿದ’ ಎಂಬಿಷ್ಟನ್ನು ಇಟ್ಟುಕೊಳ್ಳಿ. ನಾನು ಊಟ ಮಾಡಿದ ತಟ್ಟೆ. ಊಟ ಮಾಡಿದ ಹೋಟೆಲು. ಊಟ ಮಾಡಿದ ದಿನ. ಊಟ ಮಾಡಿದ ಕೈ. ತಟ್ಟೆಗೆ, ಹೋಟೆಲಿಗೆ, ದಿನಕ್ಕೆ, ಕೈಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಪ್ರಿಪೊಸಿಷನ್ ಹುಡುಕಬೇಕು. ಕನ್ನಡದಲ್ಲಿ ಒಂದು ವಿಭಕ್ತಿಯೂ ಬೇಡ. ತಟ್ಟೆಗೂ ಊಟಕ್ಕೂ ಏನು ಸಂಬಂಧ, ಕೈಗೂ ಊಟಕ್ಕೂ ಏನು ಸಂಬಂಧ ಎಂಬುದು ಕೇಳುವವನಿಗೆ ಗೊತ್ತಿದೆ ಎಂದು ನಮ್ಮ ಭಾಷೆ ನಂಬುತ್ತದೆ. ವ್ಯಾಕರಣಕಾರ ಕಾಲ್ಡ್‌ವೆಲ್ 1856ರಷ್ಟು ಹಿಂದೆಯೇ ದ್ರಾವಿಡ ಭಾಷೆಗಳಲ್ಲಿ ‘ಮಾಡಿದ’ ಥರದ ಈ ಕೃದಂತದ ಕೆಲಸವನ್ನು ಗುರುತಿಸಿ ಬರೆದಿದ್ದ.

ನಂಬಿಕೆಗೂ ಒಂದು ಮಿತಿ ಇದೆ. ‘ನಾನು ಬಂದ ಊರು’ ಅಂದರೆ ಹೊರಟು ಬಂದ ಊರೋ, ಬಂದು ಸೇರಿದ ಊರೋ ಸಂದರ್ಭವೇ ಹೇಳಬೇಕು. ‘ನಾನು ಬಂದ ಗೆಳೆಯ’ ಎಂದು ಯಾರೂ ಅನ್ನುವುದಿಲ್ಲ. ಅಲ್ಲಿ ಮಾತನ್ನು ಮಗುಚಿ ಹಾಕಿ, ‘ನನ್ನ ಜೊತೆ ಬಂದ ಗೆಳೆಯ’ ಎನ್ನುತ್ತೇವೆ. ಇದನ್ನೆಲ್ಲ ಐದು ವರ್ಷದ ಮಗು ಯಾರೂ ಹೇಳಿಕೊಡದೆ ಸರಿಯಾಗಿ ಮಾಡುತ್ತದೆ. ಇಂಥ ಭಾಷೆಯಿಂದ ಬಂದ ಮಗು ‘ವಿತ್’ ಅನ್ನು ಕೈಬಿಟ್ಟರೆ ಅದನ್ನು ಅಲಕ್ಷ್ಯ ಅನ್ನಬೇಡಿ. ವಾಕ್ಯವನ್ನು ಮತ್ತೆ ಎರಡಾಗಿ ಒಡೆದು ತೋರಿಸಿ: ‘ಐ ರೈಟ್ ವಿತ್ ದಿ ಪೆನ್’. ಒಡೆದಾಗ ಇದ್ದ ‘ವಿತ್’ ಕೂಡಿಸಿದಾಗಲೂ ಎಲ್ಲೋ ಒಂದು ಕಡೆ ಇರಲೇಬೇಕು. ಮುಂದೋ ಹಿಂದೋ ಆಮೇಲಿನ ಮಾತು. ಪಕ್ಕದ ಮನೆಯ ಹುಡುಗಿ ಮನೆಯ ವಾಕ್ಯದಲ್ಲಿ ‘ಇನ್’ ಅನ್ನು ಕಳೆಯದೆ ಉಳಿಸಿಕೊಂಡಿದ್ದಳು. ಅವಳಿಗೆ ಸಿಗಬೇಕಾದ್ದು ಶಭಾಷ್.

ಕನ್ನಡದಲ್ಲಿ ವಿಭಕ್ತಿ ಬಿಟ್ಟುಹೋಗಬಹುದು, ಒಂಟಿಯಾಗಿ ನಿಲ್ಲುವುದಿಲ್ಲ ಎಂದು ಬರೆಯಲು ಹೊರಟಾಗ ಶಾಲೆಯ ರಜಾ ಅರ್ಜಿ ನೆನಪಾಯಿತು. ಎಡಗಡೆ ಮೇಲೆ ‘ಇಂದ,’ ಎಂದು ಬರೆದು ಅದರ ಕೆಳಗೆ ಹೆಸರು, ತರಗತಿ. ಆಮೇಲೆ ‘ಗೆ,’ ಎಂದು ಬರೆದು ಅದರ ಕೆಳಗೆ ‘ಮುಖ್ಯೋಪಾಧ್ಯಾಯರು’. ‘ಗೆ’ ಎಂಬ ಒಂದೇ ಅಕ್ಷರ, ಮುಂದೆ ನಾಮಪದವಿಲ್ಲದೆ, ಪಕ್ಕದಲ್ಲೊಂದು ಅಲ್ಪವಿರಾಮ ಇಟ್ಟುಕೊಂಡು ನಿಂತಿರುತ್ತದೆ. ಇಂಗ್ಲಿಷ್ ಅರ್ಜಿಯ ‘ಫ್ರಮ್’, ‘ಟು’ಗಳ ಅಚ್ಚಿನಲ್ಲಿ ಎರಕ ಹೊಯ್ದ ನಮೂನೆ. ತಲೆಮಾರುಗಳಿಂದ ಮಕ್ಕಳು ಹೀಗೇ ಬರೆಯುತ್ತಿದ್ದಾರೆ. ಯಾವ ಕೆಂಪು ಪೆನ್ನೂ ತಡೆದಿಲ್ಲ.

ನನಗೆ ಬೇಸರ ಆ ‘ಗೆ’ಯ ಬಗ್ಗೆಯೂ ಅಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಯಾರಿಗೂ ತಲುಪುವುದಿಲ್ಲ. ಬಾರದ ಜ್ವರಕ್ಕೆ ರಜೆ, ಇಲ್ಲದ ಅಕ್ಕನ ಮದುವೆಗೆ ಗೆಳೆಯನಿಗೆ ಕರೆಯೋಲೆ, ಹಾಕದ ಟೆಂಡರಿಗೆ ವಿಚಾರಣೆ. ಅಂಕ ಸಿಕ್ಕಿದ ಮೇಲೆ ಅವು ರದ್ದಿಗೆ ಹೋಗುತ್ತವೆ. ಪ್ರಿಪೊಸಿಷನ್ ಎಲ್ಲಿರಬೇಕು ಎಂಬ ಪ್ರಶ್ನೆಗೆ ಲೌತ್ ಕೊಟ್ಟ ಉತ್ತರವೇ ನನಗೆ ಇಂದಿಗೂ ಸರಿ: ಅದು ಸಂದರ್ಭಕ್ಕೆ ತಕ್ಕ ಹಾಗೆ. ಓದುವವರೇ ಇಲ್ಲದ ಪತ್ರದಲ್ಲಿ ಸಂದರ್ಭ ಎಲ್ಲಿಂದ ಬರಬೇಕು? ಊರಿನಲ್ಲಿರುವ ಅಜ್ಜಿಗೆ, ಬೇರೆ ಶಾಲೆಗೆ ಹೋದ ಗೆಳತಿಗೆ, ಬೀದಿದೀಪ ಕೆಟ್ಟದ್ದಕ್ಕೆ ಪಂಚಾಯಿತಿಯ ಪಿಡಿಒ ಸಾಹೇಬರಿಗೆ ಮಕ್ಕಳು ನಿಜವಾದ ಕಾಗದ ಬರೆಯಲಿ. ಸ್ಟಾಂಪು ಅಂಟಿಸಿ ಡಬ್ಬಿಗೆ ಹಾಕಲಿ, ಉತ್ತರಕ್ಕೆ ಕಾಯಲಿ. ಅಜ್ಜಿಗೆ ಬರೆಯುವ ವಾಕ್ಯವೇ ಬೇರೆ, ಸಾಹೇಬರಿಗೆ ಬರೆಯುವ ವಾಕ್ಯವೇ ಬೇರೆ ಎಂಬುದು ಕೈಗೆ ತಾನಾಗಿ ಹತ್ತುತ್ತದೆ. ತಿಂಗಳಿಗೆ ಒಂದು ಪೀರಿಯಡ್ಡು ಇದಕ್ಕೆಂದು ಬಿಟ್ಟುಕೊಡುವ ಶಾಲೆ ಇದ್ದರೆ, ಆ ದಿನ ಕಾರ್ಡು, ಕವರು, ಸ್ಟಾಂಪುಗಳ ಖರ್ಚು ನನ್ನದು.