ಬಿಸಿಯಲ್ಲಿ ಬಯಲಾಗುವ ಕಿಲುಬು

ಕೂಲಂಟ್ ಸೆನ್ಸರಿನ ಕಪ್ಲರ್ ಕಳಚಿ, ವೈರಿನ ಕಡೆಯ ಎರಡು ಪಿನ್ನುಗಳ ನಡುವೆ 330 ಓಮಿನ ಪುಟ್ಟ ರೆಸಿಸ್ಟರ್ ಸಿಕ್ಕಿಸಿದಾಗ ಸ್ಕ್ಯಾನರಿನ ಅಂಕಿ 80 ಡಿಗ್ರಿಯ ಆಸುಪಾಸಿಗೆ ಏರಿ ನಿಲ್ಲುವುದನ್ನು ನೋಡುವ ಸುಖವೇ ಬೇರೆ. ಎಂಜಿನ್ ಇನ್ನೂ ತಣ್ಣಗಿದೆ, ಅದನ್ನು ಆಳುವ ಕಂಪ್ಯೂಟರ್, ಅಂದರೆ ಇಸಿಯು, ಮಾತ್ರ ಬಿಸಿಯೆಂದು ನಂಬಿದೆ. ಅಲ್ಲಿಗೆ ವೈರೂ ಇಸಿಯುವೂ ನೆಟ್ಟಗಿವೆ, ದೋಷವಿದ್ದರೆ ಸೆನ್ಸರಿನಲ್ಲೋ ಪಿನ್ನುಗಳ ಹಿಡಿತದಲ್ಲೋ ಇರಬೇಕು ಎಂಬುದು ನಿಮಿಷದೊಳಗೆ ಗೊತ್ತಾಗುತ್ತದೆ. ಇಷ್ಟು ಸಲೀಸಾದ ಪರೀಕ್ಷೆ ಇದ್ದರೂ ಸಂಶಯ ಬಂದೊಡನೆ ಹೊಸ ಸೆನ್ಸರ್ ತಂದು ಹಾಕುವುದೇ ಗ್ಯಾರೇಜುಗಳ ರೂಢಿಯಾಗಿದೆ. ಅದು ತಪ್ಪು ರೂಢಿ. ಅನೇಕ ಸಲ ಕೆಟ್ಟಿರುವುದು ಸೆನ್ಸರಲ್ಲ, ಕಪ್ಲರು.

ಲೆಕ್ಕ ನೋಡಿ. ಈ ಸೆನ್ಸರಿನ ತಡೆ ಬಿಸಿಯೇರಿದಂತೆ ಇಳಿಯುತ್ತದೆ: ಬಾಷ್‌ನ ಬಹುಬಳಕೆಯ ಮಾದರಿಯಲ್ಲಿ 20 ಡಿಗ್ರಿಗೆ 2500 ಓಮ್, 60ಕ್ಕೆ ಸುಮಾರು 600, 80ಕ್ಕೆ ಬರೀ 320. ಪಿನ್ನಿಗೆ ಹಸಿರು ಕಿಲುಬು ಹಿಡಿದು 280 ಓಮ್ ಹೆಚ್ಚಿತೆನ್ನಿ. ತಣ್ಣನೆಯ 2500ಕ್ಕೆ ಅದು ಸೇರಿದರೆ ಎರಡು ಮೂರು ಡಿಗ್ರಿಯ ವ್ಯತ್ಯಾಸ, ಯಾರ ಕಣ್ಣಿಗೂ ಬೀಳದು. ಬಿಸಿಯ 320ಕ್ಕೆ ಸೇರಿದರೆ ಮೊತ್ತ 600. 80 ಡಿಗ್ರಿಯ ಎಂಜಿನ್ ಇನ್ನೂ 60ರಲ್ಲೇ ಇದೆಯೆಂದು ತಿಳಿದು ಇಸಿಯು ಪೆಟ್ರೋಲು ಹೆಚ್ಚು ಸುರಿಯುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂಲಂಟಿನ ಅಂಕಿಯನ್ನು ಎಂಜಿನ್ನಿನೊಳಗೆ ಹೋಗುವ ಗಾಳಿಯ ಅಂಕಿಯೊಂದಿಗೆ ಹೋಲಿಸುವ ಮುಂಜಾನೆಯ ಪರೀಕ್ಷೆ ಒಳ್ಳೆಯದೇ, ಆದರೆ ಈ ಕಾಯಿಲೆಯನ್ನು ಅದು ಹಿಡಿಯಲಾರದು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಕಪ್ಲರ್ ಕಳಚದೆ, ಸೆನ್ಸರ್ ಕೂತ ಜಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಸ್ಕ್ಯಾನರಿನ ಅಂಕಿಯ ಜೊತೆ ತಾಳೆ ನೋಡಬೇಕು. ಎರಡೂ ಕಡಿಮೆ ತೋರಿಸಿದರೆ ಥರ್ಮೊಸ್ಟಾಟ್ ತೆರೆದೇ ಉಳಿದಿದೆಯೆಂದು ಊಹಿಸಬಹುದು. ಸ್ಕ್ಯಾನರ್ ಒಂದೇ ಕಡಿಮೆ ಹೇಳಿದರೆ ಮೊದಲು ಪಿನ್ನು ನೋಡಿ.

ದೋಷವಿದ್ದರೆ ಕೋಡ್ ಬರುತ್ತಿತ್ತಲ್ಲ ಎನ್ನುವವರಿದ್ದಾರೆ. ವೈರು ತುಂಡಾದರೆ ಅಂಕಿ ಮೈನಸ್ 40ಕ್ಕೆ ಬಿದ್ದು ಪಿ0118 ಬರುತ್ತದೆ, ಶಾರ್ಟ್ ಆದರೆ ಪಿ0117. ಆದರೆ 60 ಡಿಗ್ರಿ ಅಸಂಭವದ ಅಂಕಿಯಲ್ಲ. ಅದನ್ನು ಇಸಿಯು ನಂಬುತ್ತದೆ, ಬಹಳವೆಂದರೆ ಪಿ0128 ಎಂದು ಥರ್ಮೊಸ್ಟಾಟಿನ ಕಡೆ ಬೆರಳು ತೋರಿಸುತ್ತದೆ. ತಪ್ಪಿಲ್ಲದ ಥರ್ಮೊಸ್ಟಾಟ್ ಬಿಚ್ಚಿಸಿಕೊಳ್ಳುವುದು ಹೀಗೆ. ಸೆನ್ಸರ್ ಬದಲಾಯಿಸಿದೆವು, ಸರಿಹೋಯಿತು ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಕಪ್ಲರ್ ಕಿತ್ತು ಮತ್ತೆ ಒತ್ತಿದಾಗ ಪಿನ್ನು ಪಿನ್ನಿಗೆ ಉಜ್ಜಿ ಕಿಲುಬು ಕೆರೆದುಹೋಗಿರುತ್ತದೆ. ಹೆಸರು ಹೊಸ ಸೆನ್ಸರಿಗೆ, ದುಡ್ಡು ಗಿರಾಕಿಯದು. ಕೆಲವು ವಾರಕ್ಕೆ ಕಿಲುಬು ಮರಳಿದಾಗ ಆ ಹೊಸ ಸೆನ್ಸರೂ ಡೂಪ್ಲಿಕೇಟ್ ಎನಿಸಿಕೊಳ್ಳುತ್ತದೆ. ಕಿತ್ತ ಹಳೆಯದನ್ನು ಒಂದು ಲೋಟ ಬಿಸಿನೀರಿಗೆ ಇಳಿಬಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು, ಓಮ್ ಅಳೆಯಲು ಐದು ನಿಮಿಷ ಸಾಕು. ಅಷ್ಟನ್ನೂ ಮಾಡದೆ ಅದನ್ನು ಗುಜರಿ ಡಬ್ಬಕ್ಕೆ ಎಸೆಯುತ್ತಾರೆ.