ಬಾಕಿ ಉಳಿದ ಹುಲಿ

ಆಷಾಢದ ಸಂಜೆ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಅಘನಾಶಿನಿ ಹೊಳೆದಂಡೆಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗ, ಅವನ ಮೂವರು ಗೆಳೆಯರು ಪೋಕಿಮಾನ್ ಕಾರ್ಡು ಹರಡಿಕೊಂಡು ಕೂತಿದ್ದರು. 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟವಿದು. ನಿಯಮದಂತೆ ಒಬ್ಬೊಬ್ಬರಿಗೂ 60 ಕಾರ್ಡು ಬೇಕು. ನಮ್ಮ ಹುಡುಗರದು ಸುಲಭದ ಪದ್ಧತಿ: ಇಬ್ಬರೂ ಒಂದೊಂದು ಕಾರ್ಡು ಇಡುವುದು, ಎಚ್‌ಪಿ, ಅಂದರೆ ಪ್ರಾಣಶಕ್ತಿಯ ಅಂಕೆ ಹೆಚ್ಚಿದ್ದವನು ಎರಡನ್ನೂ ಎತ್ತಿಕೊಳ್ಳುವುದು.

"ಅಜ್ಜಾ, ನೀನೂ ಬಾ" ಎಂದರು. ಕೂತೆ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಅಂಕೆಗಳ ಜೊತೆ ಕಳೆದವನ ಕೈ ಐದೇ ನಿಮಿಷದಲ್ಲಿ ಖಾಲಿ!

ಆಮೇಲೆ ಅದಲುಬದಲು. ಮೊಮ್ಮಗ ಐದು ಸಾದಾ ಕಾರ್ಡು ಕೊಟ್ಟು, ಎಲ್ಲರಿಗಿಂತ ಚಿಕ್ಕವನಿಂದ ಹೊಳೆಯುವ ಚಾರಿಜಾರ್ಡ್ ಪಡೆದ. ಒಂದಕ್ಕೆ ಐದು ಬಂತೆಂದು ಆ ಪುಟ್ಟನಿಗೆ ಖುಷಿಯೋ ಖುಷಿ.

ನನಗೆ ಚುರುಕ್ ಎಂದಿತು. ನಾವು ಹುಡುಗರಾಗಿದ್ದಾಗ ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಸುತ್ತಿದ್ದೆವು. ನಾನೂ ಹೀಗೇ ನಾಲ್ಕು ಸಾದಾ ಚಿತ್ರ ಕೊಟ್ಟು ಚಿಕ್ಕ ಗೆಳೆಯನೊಬ್ಬನ ಹುಲಿಯನ್ನು ಲಪಟಾಯಿಸಿದ್ದೆ. ಮರುವರ್ಷ ಅವರ ಮನೆಯವರು ಊರು ಬಿಟ್ಟರು. ಹುಲಿ ನನ್ನಲ್ಲೇ ಉಳಿಯಿತು.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗನಿಗೆ ಇಷ್ಟನ್ನೇ ಹೇಳಿದೆ. ಅವನು ತಲೆ ಎತ್ತಲಿಲ್ಲ.

ಬೆಳಿಗ್ಗೆ ಕೊಡೆ ಹಿಡಿದು ಹೋದವನು ನೆನೆದುಕೊಂಡು ಬಂದ. "ಚಾರಿಜಾರ್ಡ್ ಕೊಟ್ಟೆ ಅಜ್ಜಾ. ಐದೂ ಅವನ ಹತ್ರನೇ ಇರ್ಲಿ ಅಂದೆ."

ಅವನ ಬಾಕಿ ಒಂದೇ ರಾತ್ರಿಯಲ್ಲಿ ತೀರಿತು. ನನ್ನದಕ್ಕೆ ಅರವತ್ತು ವರ್ಷ ದಾಟಿದೆ. ಗೆಳೆಯಾ, ಎಲ್ಲಾದರೂ ಇದನ್ನು ಓದಿದರೆ ಬಾ. ಹುಲಿ ನನ್ನ ಹಳೇ ಪಾಸ್‌ಬುಕ್ಕಿನೊಳಗೆ ಜೋಪಾನವಾಗಿದೆ.