ಮುಂದಿನ ಸೀಟು

ನಮ್ಮವ್ವನಿಗೆ ಬಸ್ಸು ಅಂದ್ರೆ ಆಗದು. ಮಳವಳ್ಳೀಲಿ ಹತ್ತಿದ್ರೆ ಕೆ.ಎಂ.ದೊಡ್ಡಿ ದಾಟೋದ್ರೊಳಗೆ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಎರಡೂ ಕೈಗೆ ಬರಬೇಕು. ನಾನು ಮಂಡ್ಯದಲ್ಲಿ ಬಿಇ ಓದುವಾಗ ಒಂದ್ಸಲ ಪರೀಕ್ಷೆ ಫೀಸು ಕೊಡೋಕೆ ಅಂತ ಹೊರಟಳು. ಕಂಡಕ್ಟರು "ವಾಂತಿ ಮಾಡೋರೆಲ್ಲ ಹಿಂದಕ್ಕೆ ಹೋಗಿ" ಅಂತ ಕೊನೇ ಸೀಟಿಗೆ ಕಳಿಸಿದ. ಪಕ್ಕದಲ್ಲಿದ್ದವರ ಪಂಚೆ ಮೇಲೆಲ್ಲ ಆಗೋಯ್ತು. ಇಡೀ ಬಸ್ಸು ತಿರುಗಿ ನೋಡಿತಂತೆ. ಆಮೇಲೆ ಅವ್ವ ಬಸ್ಸು ಹತ್ತಲಿಲ್ಲ. ನನ್ನ ಘಟಿಕೋತ್ಸವಕ್ಕೂ ಬರಲಿಲ್ಲ. ಬೆಂಗಳೂರಲ್ಲಿ ಮನೆ ಮಾಡಿ ಆರು ವರ್ಷವಾದರೂ ಬರಲಿಲ್ಲ. "ಹೊಲ ಯಾರ್ ನೋಡ್ತಾರ್ಲಾ?" ಅನ್ನೋಳು. ನಾನೂ ನಂಬಿದ್ದೆ.

ಹೋದ ವರ್ಷ ಆಫೀಸಲ್ಲಿ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಒಂದು ಡೆಮೊ ನೋಡ್ತಿದ್ದೆ. ಕಣ್ಣಮುಂದೆ ಕಾರು ಓಡ್ತಿದೆ, ನಾನು ಕುರ್ಚೀಲಿ ಕೂತಿದ್ದೀನಿ. ಐದೇ ನಿಮಿಷ. ಹಣೆ ಬೆವರಿ, ಬಾಯಲ್ಲಿ ನೀರೂರಿ ವಾಷ್‌ರೂಮಿಗೆ ಓಡಿದೆ. ಅವತ್ತು ರಾತ್ರಿ ಕೂತು ಓದಿದೆ.

ಕಿವಿಯೊಳಗೆ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ. ತಲೆ ತಿರುಗಿಸಿದರೆ ಆ ದ್ರವದ ಚಲನೆ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ. ಬಸ್ಸಲ್ಲಿ ತಲೆ ಬಗ್ಗಿಸಿ ಕೂತವರ ಕಣ್ಣಿಗೆ ಕಾಣೋದು ಎದುರಿನ ಸೀಟು, ಅದು ಎಲ್ಲಿಗೂ ಹೋಗ್ತಿಲ್ಲ. ಕಿವಿ ಮಾತ್ರ ಓಡ್ತಿದ್ದೀವಿ ಅನ್ನುತ್ತೆ. ನನಗಾಗಿದ್ದು ಅದರ ತಿರುವುಮುರುವು. ಎರಡು ಸೆನ್ಸರ್ ಎರಡು ಲೆಕ್ಕ ಕೊಟ್ರೆ ನಮ್ಮ ಪ್ರೋಗ್ರಾಮು ಎರರ್ ತೋರಿಸುತ್ತೆ, ಮಿದುಳು ಊಟ ತೋರಿಸುತ್ತೆ! ಹೊಟ್ಟೇನೇ ಯಾಕೆ? 1977ರಲ್ಲಿ ಟ್ರೀಸ್ಮನ್ ಅನ್ನೋರು ಒಂದು ಊಹೆ ಮುಂದಿಟ್ಟರು: ವಿಷ ತಿಂದಾಗಲೂ ಹೀಗೇ ಲೆಕ್ಕ ತಪ್ಪುತ್ತೆ, ಅದಕ್ಕೇ ಮಿದುಳು ಇದೂ ವಿಷವೇ ಅಂದ್ಕೊಂಡು ಹೊರಹಾಕುತ್ತೆ. ಊಹೆಯಷ್ಟೇ, ಆದ್ರೆ ನನಗೆ ಹಿಡಿಸ್ತು.

ಡ್ರೈವರಿಗೆ ಸಾಮಾನ್ಯವಾಗಿ ಹೀಗಾಗಲ್ಲ. ತಿರುವು ಬರೋದು ಅವನಿಗೆ ಮೊದಲೇ ಗೊತ್ತು. ಆಲೆಮನೆಗೆ ಕಬ್ಬು ಹೇರ್ಕೊಂಡು ಹೋಗುವಾಗ ಎತ್ತಿನಗಾಡಿ ಎಷ್ಟು ಕುಲುಕಿದ್ರೂ ಅವ್ವ ಗಟ್ಟಿಯಾಗೇ ಇರ್ತಿದ್ಲು. ಹಗ್ಗ ಅವಳ ಕೈಲೇ ಇರ್ತಿತ್ತಲ್ಲ. ಅಂಥವಳನ್ನ ಎತ್ತೆತ್ತಿ ಹಾಕೋ ಹಿಂದಿನ ಸೀಟಿಗೇ ಕಳಿಸಿದ್ದ ಪುಣ್ಯಾತ್ಮ.

ಈ ಯುಗಾದಿಗೆ ಊರಿಗೆ ಹೋದವನು ಕಾರಿನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೊರಟೆ. "ಮುಖದ ಸೆರಗು ತೆಗಿಯವ್ವ, ದೂರಕ್ಕೆ ನೋಡು, ತಿರುವು ಬಂದ್ರೆ ನಂಗೆ ಹೇಳು" ಅಂದೆ.

"ಎಡಕ್ಕೆ ಬತ್ತದೆ ಕಣ್ಲಾ... ಮುಂದೆ ಕಬ್ಬಿನ್ ಟ್ರ್ಯಾಕ್ಟ್ರು, ನಿಧಾನ" ಅಂತ ದಾರಿಯುದ್ದಕ್ಕೂ ನನಗೇ ಡ್ರೈವಿಂಗ್ ಹೇಳ್ಕೊಟ್ಲು.

ಮದ್ದೂರಲ್ಲಿ ನಿಲ್ಲಿಸಿ ವಡೆ ಕೊಡಿಸಿದೆ. ಪ್ಲಾಸ್ಟಿಕ್ ಕವರ್ ಮಡಿಲಲ್ಲಿ ಮಡಿಸಿದಂಗೇ ಇತ್ತು. ಅರ್ಧ ವಡೆ ತಿಂದು ಸುಮ್ಮನಾದಳು.

"ಯಾಕವ್ವ, ಹೊಟ್ಟೆ ತೊಳಸ್ತದಾ?"

"ಇಲ್ಲ ಕಣಪ್ಪ. ಅವತ್ತು ಆ ಮನ್ಸನ್ ಪಂಚೆ ಒಗ್ದಾದ್ರೂ ಕೊಡ್ಬೇಕಿತ್ತು."